ಹಾಯಿದೋಣಿಗೆ ಕರೆಂಟ್ ಮೋಟರ್: ಲೆಕ್ಕವೆಲ್ಲ ವೇಗದ್ದು

ಅಮೆರಿಕದ ಬಂದರುಗಳಲ್ಲಿ ಕ್ಯಾಟಲೀನಾ 30 ಅನ್ನುವ ಹಾಯಿದೋಣಿ ಧಾರಾಳವಾಗಿ ಕಣ್ಣಿಗೆ ಬೀಳುತ್ತದೆ. ಮೂವತ್ತು ಅಡಿ ಉದ್ದ, ಸುಮಾರು 4,600 ಕೆ.ಜಿ. ತೂಕ. 1970ರ ದಶಕದಿಂದ ಮುಂದಿನ ಮೂವತ್ತು ವರ್ಷಗಳಲ್ಲಿ ಇಂಥ ಆರು ಸಾವಿರಕ್ಕೂ ಹೆಚ್ಚು ದೋಣಿಗಳು ತಯಾರಾದವು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಮರೀನಾಗಳಲ್ಲಿ (ಸಣ್ಣ ದೋಣಿಗಳ ನಿಲ್ದಾಣಗಳಲ್ಲಿ) ಇವತ್ತಿಗೂ ಸಾಲಾಗಿ ಕಟ್ಟಿಹಾಕಿರುತ್ತಾರೆ. ಫೈಬರ್‌ಗ್ಲಾಸ್ ಒಡಲು ನಲವತ್ತು ವರ್ಷ ಕಳೆದರೂ ಗಟ್ಟಿಮುಟ್ಟಾಗಿದೆ. ಸುಸ್ತಾಗಿರುವುದು ಒಳಗಿನ ಡೀಸೆಲ್ ಎಂಜಿನ್.

ವಿಚಿತ್ರ ಏನೆಂದರೆ, ಈ ಎಂಜಿನ್‌ಗಳು ಹೆಚ್ಚಿನವು ದುಡಿದು ಸವೆದವಲ್ಲ. ದುಡಿಯದೆ ಕೆಟ್ಟವು. ಗಾಳಿ ಇದ್ದರೆ ಹಾಯಿ ಬಿಚ್ಚುತ್ತಾರೆ. ಎಂಜಿನ್ ಬೇಕಾಗುವುದು ಜೆಟ್ಟಿಯಿಂದ ಹೊರಬೀಳಲು ಹತ್ತು ನಿಮಿಷ, ವಾಪಸ್ ಬಂದು ಕಟ್ಟಲು ಇನ್ನೊಂದು ಹತ್ತು ನಿಮಿಷ. ಡೀಸೆಲ್ ಎಂಜಿನ್ ಸರಿಯಾಗಿ ಬಿಸಿಯಾಗಿ, ಚೆನ್ನಾಗಿ ಭಾರ ಹೊತ್ತು ಓಡಬೇಕು. ಅರೆಬಿಸಿಯಲ್ಲೇ ಆರಿಸುತ್ತಾ ಹೋದರೆ ಮಸಿ ಕಟ್ಟುತ್ತದೆ. ಉಳಿದ ದಿನವೆಲ್ಲ ಉಪ್ಪುನೀರು ಹೊಟ್ಟೆಯಲ್ಲಿಟ್ಟುಕೊಂಡು ಕೂತಿರುತ್ತದಲ್ಲ, ತುಕ್ಕು ಅದರ ಕೆಲಸ ಮಾಡುತ್ತದೆ. ಹೀಗಾಗಿ ಹಳೇ ಎಂಜಿನ್ ಕೈಕೊಟ್ಟಾಗ ಮಾಲೀಕರಿಗೆ ಸಹಜವಾಗಿ ಬರುವ ಯೋಚನೆ: ಇದನ್ನು ಕಿತ್ತು ಕರೆಂಟ್ ಮೋಟರ್ ಕೂರಿಸಿದರೆ ಹೇಗೆ?

ಆಗುತ್ತದೆ, ತುಂಬಾ ಜನ ಮಾಡಿದ್ದಾರೆ. ಆದರೆ ಎಲ್ಲರೂ ಮೊದಲು ಕೇಳುವ ಪ್ರಶ್ನೆ ‘ಎಷ್ಟು ಎಚ್‌ಪಿ ಮೋಟರ್ ಹಾಕಬೇಕು?’ ಅಂತ. ಮೋಟರ್ ಇಲ್ಲಿ ಸುಲಭದ ಭಾಗ. ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ: ಗಾಳಿ ಇಲ್ಲದ ದಿನ ನಾನು ಎಷ್ಟು ವೇಗಕ್ಕೆ ತೃಪ್ತಿಪಡಬಲ್ಲೆ?

ಎರಡು ನಾಟ್ ಬಿಟ್ಟುಕೊಟ್ಟರೆ

ದೋಣಿಯ ವೇಗವನ್ನು ನಾಟ್‌ನಲ್ಲಿ ಅಳೆಯುತ್ತಾರೆ. ಒಂದು ನಾಟ್ ಅಂದರೆ ಗಂಟೆಗೆ 1.85 ಕಿ.ಮೀ. ನೀರನ್ನು ಸೀಳಿಕೊಂಡು ಹೋಗುವ ದೋಣಿ ಮುಂದೊಂದು, ಹಿಂದೊಂದು ಅಲೆ ಎಬ್ಬಿಸುತ್ತದೆ. ವೇಗ ಜಾಸ್ತಿಯಾದಷ್ಟೂ ಆ ಅಲೆಗಳ ನಡುವಿನ ದೂರ ಹಿಗ್ಗುತ್ತದೆ. ಒಂದು ಹಂತದಲ್ಲಿ ಆ ದೂರ ದೋಣಿಯಷ್ಟೇ ಉದ್ದವಾಗುತ್ತದೆ. ಅಲ್ಲಿಂದ ಮುಂದೆ ದೋಣಿ ತಾನೇ ಎಬ್ಬಿಸಿದ ಅಲೆಯ ಏರನ್ನು ಹತ್ತಬೇಕು. ಆ ವೇಗ ಎಷ್ಟೆಂದು ತಿಳಿಯಲು ಹಳೆಯದೊಂದು ಸೂತ್ರವಿದೆ: ನೀರಿನ ಮಟ್ಟದಲ್ಲಿ ದೋಣಿಯ ಉದ್ದ ಎಷ್ಟು ಅಡಿಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿ. ಕ್ಯಾಟಲೀನಾ 30ಕ್ಕೆ ಆ ಉದ್ದ 25 ಅಡಿ. ವರ್ಗಮೂಲ 5, ಉತ್ತರ 6.7 ನಾಟ್. ಇದರಾಚೆ ಹೋಗಲು ಎಷ್ಟು ಶಕ್ತಿ ಸುರಿದರೂ ಅಲೆ ದೊಡ್ಡದಾಗುತ್ತದೆಯೇ ಹೊರತು ವೇಗ ಹೆಚ್ಚುವುದು ತೀರಾ ಕಡಿಮೆ.

ಆ ಮಿತಿಯ ಒಳಗೂ ಲೆಕ್ಕ ನೇರವಾಗಿಲ್ಲ. ಬೇಕಾಗುವ ಶಕ್ತಿ ಹೆಚ್ಚುಕಡಿಮೆ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಪಟ್ಟು. ಈ ಗಾತ್ರದ ದೋಣಿಗೆ, ನೀರು ಶಾಂತವಾಗಿದ್ದು ತಳ ಸ್ವಚ್ಛವಾಗಿದ್ದರೆ, ಅಂದಾಜು ಹೀಗಿರುತ್ತದೆ. 3 ನಾಟ್‌ಗೆ ಒಂದು ಕಿಲೋವ್ಯಾಟ್‌ಗಿಂತ ಸ್ವಲ್ಪ ಕಡಿಮೆ. 4 ನಾಟ್‌ಗೆ 2 ಕಿಲೋವ್ಯಾಟ್. 5 ನಾಟ್‌ಗೆ 4. ಆರು ನಾಟ್ ಬೇಕೆಂದರೆ 8-9 ಕಿಲೋವ್ಯಾಟ್.

ಇದನ್ನು ಯೂನಿಟ್‌ಗೆ ತಂದುಕೊಳ್ಳೋಣ. ಮನೆಗೆ ಬರುವ ಬೆಸ್ಕಾಂ ಬಿಲ್ಲಿನಲ್ಲಿ ಕಾಣುವ ಅದೇ ಯೂನಿಟ್: ಒಂದು ಕಿಲೋವ್ಯಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್. ದೋಣಿಯಲ್ಲಿ 10 ಯೂನಿಟ್‌ನ ಲಿಥಿಯಂ ಬ್ಯಾಟರಿ ಇದೆ, ಅದರಲ್ಲಿ 8 ಯೂನಿಟ್ ನಿಶ್ಚಿಂತೆಯಿಂದ ಬಳಸಬಹುದು ಅಂದುಕೊಳ್ಳಿ. ಆರು ನಾಟ್‌ನಲ್ಲಿ ಹೊರಟರೆ ಗಂಟೆ ತುಂಬುವುದರೊಳಗೆ ಬ್ಯಾಟರಿ ಖಾಲಿ, ಹೋದದ್ದು ಐದೂವರೆ ನಾಟಿಕಲ್ ಮೈಲಿ (ಒಂದು ನಾಟ್ ವೇಗದಲ್ಲಿ ಒಂದು ಗಂಟೆಗೆ ಸಾಗುವ ದೂರವೇ ಒಂದು ನಾಟಿಕಲ್ ಮೈಲಿ). ಐದು ನಾಟ್‌ನಲ್ಲಿ ಎರಡು ಗಂಟೆ, ಹತ್ತು ಮೈಲಿ. ನಾಲ್ಕು ನಾಟ್‌ನಲ್ಲಿ ನಾಲ್ಕು ಗಂಟೆ, ಹದಿನಾರು ಮೈಲಿ. ಮೂರಕ್ಕೆ ಇಳಿದರೆ ಒಂಬತ್ತು ಗಂಟೆ, ಇಪ್ಪತ್ತೇಳು ಮೈಲಿ! ಅದೇ ದೋಣಿ, ಅದೇ ಬ್ಯಾಟರಿ. ಥ್ರಾಟಲ್ ಹಿಡಿದ ಕೈ ಒಂದೇ ಬೇರೆ. ‘ಇದು ಎಷ್ಟು ದೂರ ಹೋಗುತ್ತೆ?’ ಅಂತ ಕೇಳಿದರೆ, ಕರೆಂಟ್ ದೋಣಿಯವರು ‘ಯಾವ ವೇಗದಲ್ಲಿ?’ ಅಂತ ತಿರುಗಿ ಕೇಳುವುದು ಇದಕ್ಕೇ.

ಈಗ ಡೀಸೆಲ್ ಕಡೆ ನೋಡಿ. ಇಂಥ ದೋಣಿಯ ಟ್ಯಾಂಕಿನಲ್ಲಿ ಸುಮಾರು 70 ಲೀಟರ್ ಹಿಡಿಯುತ್ತದೆ, ತೂಕ ಅರವತ್ತು ಕೆ.ಜಿ.ಯೂ ಇಲ್ಲ. ಒಂದು ಲೀಟರ್ ಡೀಸೆಲ್‌ನಲ್ಲಿ ಹತ್ತು ಯೂನಿಟ್ ಶಕ್ತಿ ಅಡಗಿದೆ. ಸಣ್ಣ ಎಂಜಿನ್ ಅದರ ಮುಕ್ಕಾಲು ಭಾಗವನ್ನು ಬಿಸಿಯಾಗಿ ನೀರಿಗೂ ಹೊಗೆಗೂ ಬಿಟ್ಟುಕೊಡುತ್ತದೆ. ಆದರೂ ಪ್ರೊಪೆಲರ್ ತಿರುಗಿಸುವ ಶಾಫ್ಟಿಗೆ ತಲುಪುವುದು 170 ಯೂನಿಟ್ ಮೇಲೆ. ಅಷ್ಟನ್ನು ಬ್ಯಾಟರಿಯಲ್ಲಿ ತುಂಬಬೇಕೆಂದರೆ ಬ್ಯಾಟರಿಯೇ ಒಂದೂವರೆ ಟನ್ ದಾಟುತ್ತದೆ, ಅಂದರೆ ದೋಣಿಯ ತೂಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಆಗದ ಮಾತು. ಹಾಗಾಗಿ ಟ್ಯಾಂಕಿಗೆ ಸರಿಸಮನಾದ ಬ್ಯಾಟರಿ ಹಾಕುವ ಆಸೆಯನ್ನು ಮೊದಲೇ ಬಿಡಬೇಕು.

ಎಚ್‌ಪಿ ಬಗ್ಗೆ ಒಂದು ಗಾಳಿಮಾತು

‘ಕರೆಂಟ್ ಮೋಟರಿನ ಒಂದು ಎಚ್‌ಪಿ ಡೀಸೆಲ್‌ನ ಮೂರು ಎಚ್‌ಪಿಗೆ ಸಮ’ ಅಂತ ಮಾರುವವರು ಹೇಳುವುದುಂಟು. ಸುಳ್ಳು. ಎಚ್‌ಪಿ ಎಂದರೆ 746 ವ್ಯಾಟ್, ಅದು ಎಲ್ಲಿಂದ ಬಂದರೂ ಅಷ್ಟೇ. ಆದರೂ 20 ಎಚ್‌ಪಿ ಡೀಸೆಲ್ ಇದ್ದ ಜಾಗದಲ್ಲಿ 10 ಕಿಲೋವ್ಯಾಟ್ ಮೋಟರ್, ಅಂದರೆ 13 ಎಚ್‌ಪಿ, ಹಾಕಿ ನೆಮ್ಮದಿಯಾಗಿ ಓಡಾಡುವವರಿದ್ದಾರಲ್ಲ, ಅದು ಹೇಗೆ?

ಎರಡು ಕಾರಣ. ಡೀಸೆಲ್‌ನ 20 ಎಚ್‌ಪಿ ಸಿಗುವುದು ಪೂರ್ತಿ ಆರ್‌ಪಿಎಂನಲ್ಲಿ ಮಾತ್ರ. ಅಲ್ಲಿ ಯಾರೂ ಓಡಿಸುವುದಿಲ್ಲ, ಆ ಸದ್ದನ್ನು ತಡೆದುಕೊಳ್ಳಲು ಆಗುವುದಿಲ್ಲ. ಮಾಮೂಲಿ ಓಟಕ್ಕೆ ಅದರ ಮೂರನೇ ಒಂದು ಭಾಗ ಸಾಕಾಗಿರುತ್ತದೆ. ಇನ್ನೊಂದು, ಕರೆಂಟ್ ಮೋಟರಿಗೆ ಸೊನ್ನೆಯಿಂದಲೇ ಪೂರ್ತಿ ಟಾರ್ಕ್, ಅಂದರೆ ತಿರುಗಿಸುವ ಬಲ, ಇರುತ್ತದೆ. ಡೀಸೆಲ್ ತೀರಾ ನಿಧಾನವಾದರೆ ನಿಂತೇಹೋಗುತ್ತದೆ. ಮೋಟರ್ ದೊಡ್ಡ ಪ್ರೊಪೆಲರನ್ನು ನಿಧಾನವಾಗಿ, ಬಲವಾಗಿ ತಿರುಗಿಸಬಲ್ಲದು. ಜೆಟ್ಟಿಗೆ ಬಂದು ತಾಗುವಾಗ ರಿವರ್ಸ್ ತಕ್ಷಣ ಹಿಡಿಯುತ್ತದೆ, ಗೇರ್ ಬೀಳುವುದನ್ನು ಕಾಯಬೇಕಿಲ್ಲ. ಇಕ್ಕಟ್ಟಿನ ಮರೀನಾದಲ್ಲಿ ಇದರ ಬೆಲೆ ದೋಣಿ ನಡೆಸಿದವರಿಗೇ ಗೊತ್ತು.

ಅಂದಹಾಗೆ ಇದೇನೂ ನಿನ್ನೆಮೊನ್ನೆಯ ಐಡಿಯಾ ಅಲ್ಲ. ಮೊರಿಟ್ಜ್ ಜಾಕೋಬಿ ಎಂಬ ವಿಜ್ಞಾನಿ 1838ರಲ್ಲೇ ಸೇಂಟ್ ಪೀಟರ್ಸ್‌ಬರ್ಗ್‌ನ ನೇವಾ ನದಿಯಲ್ಲಿ ಹತ್ತಕ್ಕೂ ಹೆಚ್ಚು ಜನರನ್ನು ಕೂರಿಸಿಕೊಂಡು ಬ್ಯಾಟರಿ ದೋಣಿ ಓಡಿಸಿದ್ದ. 1893ರ ಶಿಕಾಗೊ ವಿಶ್ವ ಮೇಳದಲ್ಲಿ ಎಲ್ಕೊ ಕಂಪನಿಯ ಐವತ್ತಕ್ಕೂ ಹೆಚ್ಚು ಕರೆಂಟ್ ದೋಣಿಗಳು ಜನರನ್ನು ಸುತ್ತಾಡಿಸಿದವು. ರುಡಾಲ್ಫ್ ಡೀಸೆಲ್‌ನ ಎಂಜಿನ್ ಸರಿಯಾಗಿ ಓಡಿ ತೋರಿಸಿದ್ದು ಆಮೇಲೆ, 1897ರಲ್ಲಿ.

ಏನು ಕೀಳಬೇಕು, ಏನು ಕೂರಿಸಬೇಕು

ಕೀಳುವ ಪಟ್ಟಿ ಉದ್ದ. ಎಂಜಿನ್, ಗೇರ್‌ಬಾಕ್ಸ್, ಇಂಧನ ಟ್ಯಾಂಕ್, ಫಿಲ್ಟರ್‌ಗಳು, ಹೊಗೆಯ ಪೈಪು, ಸೈಲೆನ್ಸರ್, ಸಮುದ್ರದ ನೀರು ಎಳೆಯುವ ಪಂಪು. ಎಲ್ಲ ಸೇರಿ ಇನ್ನೂರು ಕೆ.ಜಿ. ಆಸುಪಾಸು ತೂಕ ಹೊರಗೆ ಬರುತ್ತದೆ. ಗಾಳಿಯಲ್ಲೇ ತಣಿಯುವ ಮೋಟರ್ ಆದರೆ, ತಂಪು ನೀರಿಗಾಗಿ ಒಡಲಿನಲ್ಲಿ ಕೊರೆದ ತೂತನ್ನೂ ಮುಚ್ಚಿಬಿಡಬಹುದು. ದೋಣಿಯಲ್ಲಿ ಒಂದು ತೂತು ಕಡಿಮೆಯಾದರೂ ಲಾಭವೇ.

ಒಳಗೆ ಬರುವುದು ಮೋಟರ್, ಅದಕ್ಕೆ ಎಷ್ಟು ಕರೆಂಟ್ ಹರಿಯಬೇಕೆಂದು ನಿಯಂತ್ರಿಸುವ ಕಂಟ್ರೋಲರ್, ವೇಗ ತಗ್ಗಿಸುವ ಬೆಲ್ಟು ಅಥವಾ ಗೇರು, ಬ್ಯಾಟರಿ, ಚಾರ್ಜರ್, ಮತ್ತು ದೀಪ-ರೇಡಿಯೋಗಳಿಗೆ 12 ವೋಲ್ಟ್ ಕೊಡುವ ಒಂದು ಕನ್ವರ್ಟರ್. ಪ್ರೊಪೆಲರ್ ಶಾಫ್ಟ್ ಸಾಮಾನ್ಯವಾಗಿ ಹಳೆಯದೇ ಉಳಿಯುತ್ತದೆ.

ಇಲ್ಲಿ ಒಂದು ಸಣ್ಣ ಭಾಗದ ಬಗ್ಗೆ ಹೇಳಲೇಬೇಕು, ಥ್ರಸ್ಟ್ ಬೇರಿಂಗ್. ಪ್ರೊಪೆಲರ್ ತಿರುಗಿ ನೀರನ್ನು ಹಿಂದಕ್ಕೆ ತಳ್ಳಿದಾಗ ಆ ತಳ್ಳುವಿಕೆ ಶಾಫ್ಟ್ ಮೂಲಕ ಒಳಗೆ ಬಂದು ದೋಣಿಯನ್ನು ಮುಂದೆ ನೂಕಬೇಕು. ಐದು ನಾಟ್‌ನಲ್ಲಿ ಆ ಬಲ ಸುಮಾರು 80 ಕೆ.ಜಿ. ತೂಕದಷ್ಟಿರುತ್ತದೆ. ಡೀಸೆಲ್ ದೋಣಿಯಲ್ಲಿ ಗೇರ್‌ಬಾಕ್ಸಿನ ಒಳಗಿನ ಬೇರಿಂಗ್ ಇದನ್ನು ಸದ್ದಿಲ್ಲದೆ ಹೊರುತ್ತಿತ್ತು, ಯಾರಿಗೂ ಅದರ ನೆನಪಿರುವುದಿಲ್ಲ. ಗೇರ್‌ಬಾಕ್ಸ್ ಹೊರಗೆ ಹೋದಾಗ ಅದೂ ಹೋಯಿತು. ಶಾಫ್ಟನ್ನು ನೇರವಾಗಿ ಮೋಟರಿಗೆ ಸಿಕ್ಕಿಸಿದರೆ ಆ ಬಲವೆಲ್ಲ ಮೋಟರಿನ ಬೇರಿಂಗ್ ಮೇಲೆ ಬೀಳುತ್ತದೆ. ಆ ಬೇರಿಂಗ್ ಪಕ್ಕದ ಭಾರ ಹೊರಲು ಮಾಡಿದ್ದು, ಉದ್ದುದ್ದದ ನೂಕನ್ನು ತಡೆಯಲು ಅಲ್ಲ. ಮೋಟರ್ ಬೇಗ ಹಾಳಾಗುತ್ತದೆ. ದೋಣಿಗೆಂದೇ ಮಾಡಿದ ಕಿಟ್‌ಗಳಲ್ಲಿ ಥ್ರಸ್ಟ್ ಬೇರಿಂಗ್ ಕೂಡಿಕೊಂಡೇ ಬರುತ್ತದೆ. ಗಾಲ್ಫ್ ಗಾಡಿಯದೋ ಫೋರ್ಕ್‌ಲಿಫ್ಟ್‌ನದೋ ಹಳೇ ಮೋಟರ್ ತಂದು ಸ್ವಂತ ಕೈಯಿಂದ ಜೋಡಿಸುವವರು ಮರೆಯುವುದು ಇದನ್ನೇ.

ಜೋಡಿಸುವಾಗ ಶಾಫ್ಟ್ ಮತ್ತು ಮೋಟರ್ ಒಂದೇ ಗೆರೆಯಲ್ಲಿರಬೇಕು. ಎರಡರ ತುದಿಯ ಉಕ್ಕಿನ ಬಿಲ್ಲೆಗಳನ್ನು ಹತ್ತಿರ ತಂದು, ನಡುವೆ ಫೀಲರ್ ಗೇಜ್ ಎಂಬ ತೆಳು ಲೋಹದ ಅಳತೆಪಟ್ಟಿ ತೂರಿಸಿ, ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಸಂದು ಅಳೆಯುತ್ತಾರೆ. ನಾಲ್ಕು ಇಂಚಿನ ಬಿಲ್ಲೆಗೆ ವ್ಯತ್ಯಾಸ 0.1 ಮಿಲಿಮೀಟರ್ ಮೀರಬಾರದು. ಈ ಅಳತೆಯನ್ನು ದೋಣಿ ನೀರಿನಲ್ಲಿದ್ದಾಗಲೇ ಮಾಡಬೇಕು. ದಡದಲ್ಲಿ ಊರುಗೋಲುಗಳ ಮೇಲೆ ನಿಂತಾಗ ಒಡಲು ಕೊಂಚ ಬಾಗಿರುತ್ತದೆ. ಅಲ್ಲಿ ಸರಿಹೋದದ್ದು ನೀರಿಗಿಳಿದ ಮೇಲೆ ತಪ್ಪಿರುತ್ತದೆ.

ಈ ಗಾತ್ರದ ದೋಣಿಗೆ ಎಲ್ಲರೂ 48 ವೋಲ್ಟ್ ಆರಿಸುತ್ತಾರೆ. 10 ಕಿಲೋವ್ಯಾಟ್ ಶಕ್ತಿಯನ್ನು 12 ವೋಲ್ಟ್‌ನಲ್ಲಿ ಕೊಡಬೇಕೆಂದರೆ 830 ಆಂಪಿಯರ್ ಹರಿಯಬೇಕು, 48ರಲ್ಲಿ 208 ಸಾಕು. ತಂತಿಯಲ್ಲಿ ಬಿಸಿಯಾಗಿ ಪೋಲಾಗುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ, ಅದೇ ತಂತಿಯಲ್ಲಿ ನಷ್ಟ ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಹಾಗಾದರೆ ಇನ್ನೂ ಮೇಲೆ ಯಾಕೆ ಹೋಗಬಾರದು? ಡಿಸಿಯಲ್ಲಿ 60 ವೋಲ್ಟ್ ದಾಟಿದರೆ ಮುಟ್ಟಿದವರಿಗೆ ಶಾಕ್ ಹೊಡೆಯುವ ಅಪಾಯ ಶುರು. ಉಪ್ಪುನೀರು ಹನಿಯುವ ಜಾಗ ಅಲ್ವಾ? 48 ವೋಲ್ಟ್ ಎಂದು ಕರೆಯುವ ಲಿಥಿಯಂ ಬ್ಯಾಟರಿ ಪೂರ್ತಿ ತುಂಬಿದಾಗ 58 ವೋಲ್ಟ್ ದಾಟಿರುತ್ತದೆ, ಗೆರೆಯ ಒಳಗೇ.

ಬ್ಯಾಟರಿ ತಾನಾಗಿ ಆಫ್ ಆದರೆ

ಹಿಂದೆ ಸೀಸದ ಬ್ಯಾಟರಿ ಹಾಕುತ್ತಿದ್ದರು. ಆರು ವೋಲ್ಟಿನ ಎಂಟು ಗಾಲ್ಫ್ ಗಾಡಿ ಬ್ಯಾಟರಿ ಸಾಲಾಗಿ ಸೇರಿಸಿದರೆ 48 ವೋಲ್ಟ್. ತೂಕ 220 ಕೆ.ಜಿ. ಮೇಲೆ. ಹತ್ತು ಯೂನಿಟ್ ಅಂತ ಬರೆದಿದ್ದರೂ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಆಯಸ್ಸು ಕುಗ್ಗುತ್ತದೆ. ಜೋರಾಗಿ ಎಳೆದರೆ ಆ ಅರ್ಧವೂ ಸಿಗುವುದಿಲ್ಲ. ಈಗ ಬಹುತೇಕ ಎಲ್ಲರೂ ಲಿಥಿಯಂ ಐರನ್ ಫಾಸ್ಫೇಟ್ ಕಡೆಗೆ ಬಂದಿದ್ದಾರೆ. ತೂಕ ಅರ್ಧಕ್ಕಿಂತ ಕಡಿಮೆ, ಮುಕ್ಕಾಲು ಪಾಲಿಗಿಂತ ಹೆಚ್ಚು ಬಳಸಬಹುದು. ಕೆಲವು ಕಾರುಗಳಲ್ಲಿ ಬಳಸುವ ನಿಕಲ್-ಕೋಬಾಲ್ಟ್ ಬಗೆಯಷ್ಟು ಸುಲಭವಾಗಿ ಬೆಂಕಿ ಹತ್ತುವುದೂ ಇಲ್ಲ. ಒಂದು ಮುಖ್ಯ ಮಿತಿ: ಸೊನ್ನೆ ಡಿಗ್ರಿಗಿಂತ ತಣ್ಣಗಿರುವಾಗ ಚಾರ್ಜ್ ಮಾಡಿದರೆ ಕೆಡುತ್ತದೆ. ನಾರ್ವೆಯವರಿಗೆ ಇದು ತಲೆನೋವು, ಕ್ಯಾಲಿಫೋರ್ನಿಯಾದವರಿಗಲ್ಲ.

ನಿಜವಾದ ತೊಂದರೆ ಬರುವುದು ಬ್ಯಾಟರಿಯ ಜೊತೆಗಿರುವ ಬಿಎಂಎಸ್ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್) ಎನ್ನುವ ಎಲೆಕ್ಟ್ರಾನಿಕ್ ಕಾವಲುಗಾರನಿಂದ. ಕರೆಂಟ್ ಮಿತಿ ಮೀರಿದರೆ, ಬಿಸಿ ಜಾಸ್ತಿಯಾದರೆ, ಒಂದು ಸೆಲ್ ಖಾಲಿಯಾದರೆ, ಬ್ಯಾಟರಿಯನ್ನು ಉಳಿಸಲು ಅದು ಸಂಪರ್ಕವನ್ನೇ ಕಡಿದುಬಿಡುತ್ತದೆ. ಮನೆಯ ಇನ್ವರ್ಟರ್‌ನಲ್ಲಿ ಹೀಗಾದರೆ ಮೇಣದಬತ್ತಿ ಹಚ್ಚಬಹುದು. ಬಂದರಿನ ಬಾಯಲ್ಲಿ, ಹಿಂದಿನಿಂದ ಸರಕು ಹಡಗು ಬರುತ್ತಿರುವಾಗ ಮೋಟರ್ ಸತ್ತರೆ? ಸಾಮಾನ್ಯವಾಗಿ ಸಿಗುವ 48 ವೋಲ್ಟ್, 100 ಆಂಪಿಯರ್-ಅವರ್ ಬ್ಯಾಟರಿ ಸತತವಾಗಿ ಕೊಡುವುದು 100 ಆಂಪಿಯರ್. ಅಂಥ ಎರಡನ್ನು ಜೊತೆಗೂಡಿಸಿದರೆ 200. ನಮ್ಮ ಮೋಟರ್ ಪೂರ್ತಿ ಥ್ರಾಟಲ್‌ನಲ್ಲಿ ಎಳೆಯುವುದು 208! ಎಲ್ಲಕ್ಕಿಂತ ಹೆಚ್ಚು ಶಕ್ತಿ ಬೇಕಾದ ಕ್ಷಣದಲ್ಲೇ ಎಲ್ಲ ಆಫ್ ಆಗುವ ಏರ್ಪಾಡು ಇದು. ಪರಿಹಾರ ಕಷ್ಟದ್ದಲ್ಲ. ಕಂಟ್ರೋಲರ್‌ನಲ್ಲಿ ಮಿತಿಯನ್ನು 160 ಆಂಪಿಯರ್‌ಗೆ ಇಳಿಸಬೇಕು, ಇಲ್ಲವೇ ಮೂರನೇ ಬ್ಯಾಟರಿ ಸೇರಿಸಬೇಕು. ಕಾವಲುಗಾರ ಕೈಬಿಡುವ ಮೊದಲು ಎಚ್ಚರಿಕೆಯ ಸದ್ದು ಬರುವಂತೆಯೂ ನೋಡಿಕೊಳ್ಳಬೇಕು. ಅಮೆರಿಕದ ದೋಣಿ ಮಾನದಂಡ ಸಂಸ್ಥೆ ಎಬಿವೈಸಿ 2022ರಲ್ಲಿ ಲಿಥಿಯಂ ಬ್ಯಾಟರಿಗೆಂದೇ ಇ-13 ಎಂಬ ಮಾನದಂಡ ತಂದಿದೆ. ವಿಮೆ ಮಾಡಿಸುವಾಗ ಅದರ ಮಾತು ಬಂದೇ ಬರುತ್ತದೆ.

ಫ್ಯೂಸ್‌ನಲ್ಲಿ ಜಿಪುಣತನ ಬೇಡ. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಒಮ್ಮೆಗೇ ಸಾವಿರಾರು ಆಂಪಿಯರ್ ಉಗುಳುತ್ತದೆ. ಸಾಧಾರಣ ಫ್ಯೂಸ್‌ನ ತಂತಿ ಕರಗಿದರೂ ಕಿಡಿ ಸಂದನ್ನು ದಾಟಿ ಉರಿಯುತ್ತಲೇ ಇರುತ್ತದೆ. ಕ್ಲಾಸ್-ಟಿ ಎಂಬ ಬಗೆಯದು ಇದಕ್ಕೆಂದೇ ಇದೆ, ಬ್ಯಾಟರಿಗೆ ಆದಷ್ಟು ಹತ್ತಿರದಲ್ಲಿ ಕೂರಿಸಬೇಕು.

ಸುಮ್ನೆ ಸಿಗುವ ಕರೆಂಟ್ ಎಷ್ಟು?

ಜೆಟ್ಟಿಯಲ್ಲಿ ಪ್ಲಗ್ ಇದ್ದರೆ ಚಿಂತೆಯಿಲ್ಲ. ಅಮೆರಿಕದ ಮರೀನಾಗಳ 30 ಆಂಪಿಯರ್, 120 ವೋಲ್ಟ್ ಸಾಕೆಟ್ ಸತತವಾಗಿ ಮೂರು ಕಿಲೋವ್ಯಾಟ್ ಹತ್ತಿರ ಕೊಡುತ್ತದೆ. ಎಂಟು ಯೂನಿಟ್ ತುಂಬಲು ಮೂರು ಗಂಟೆ ಚಿಲ್ಲರೆ. ಸೋಲಾರ್ ಅಷ್ಟು ಉದಾರಿಯಲ್ಲ. 400 ವ್ಯಾಟ್‌ನ ಪ್ಯಾನೆಲ್‌ಗಳು, ಹಾಯಿ ಕಟ್ಟುವ ಕಂಬದ (ಮಾಸ್ಟಿನ) ನೆರಳು ಬೀಳುವ ದೋಣಿಯ ಮೇಲೆ, ಒಳ್ಳೆ ಬಿಸಿಲಿದ್ದ ದಿನ ಎರಡು ಯೂನಿಟ್ ಕೊಟ್ಟರೆ ಹೆಚ್ಚು. ಅಂದರೆ ನಾಲ್ಕು ನಾಟ್‌ನಲ್ಲಿ ಒಂದು ಗಂಟೆ. ವಾರಕ್ಕೊಮ್ಮೆ ಹೊರಡುವವರಿಗೆ ಇದು ಧಾರಾಳ. ದಿನಾ ಓಡಿಸುವವರಿಗೆ ಚಿಟಿಕೆಯಷ್ಟು.

ಎಲ್ಲರ ಕಣ್ಣೂ ಬೀಳುವುದು ರೀಜನರೇಶನ್ ಮೇಲೆ. ಹಾಯಿ ಬಿಚ್ಚಿ ಓಡುವಾಗ ನೀರಿನ ಹರಿವಿಗೆ ಪ್ರೊಪೆಲರ್ ತಾನಾಗಿ ತಿರುಗುತ್ತದೆ, ಮೋಟರ್ ಡೈನಮೋ ಆಗುತ್ತದೆ. ಕೇಳಲು ಚೆಂದ. ಆದರೆ ಮೂವತ್ತು ಅಡಿಯ ದೋಣಿ ಐದಾರು ನಾಟ್‌ನಲ್ಲಿ ಓಡುವಾಗ ಬರುವುದು ನೂರು-ಇನ್ನೂರು ವ್ಯಾಟ್ ಲೆಕ್ಕದಲ್ಲಿ. ಫ್ರಿಜ್ಜು, ದೀಪ, ಆಟೋಪೈಲಟ್ ನಡೆಯುತ್ತವೆ. ಅದಕ್ಕೆ ಬದಲಾಗಿ ದೋಣಿಯ ವೇಗ ಸ್ವಲ್ಪ ಕುಗ್ಗುತ್ತದೆ. ವೇಗ ಇಳಿದರೆ ಈ ಆದಾಯ ಇನ್ನೂ ಬೇಗ ಇಳಿಯುತ್ತದೆ. ಇಲ್ಲಿಯೂ ಅದೇ ಘನದ ಲೆಕ್ಕ. ಮಡಚಿಕೊಳ್ಳುವ ಪ್ರೊಪೆಲರ್ ಹಾಕಿದವರಿಗೆ ಅದೂ ಇಲ್ಲ.

ಇದನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿದ್ದು ಜಿಮ್ಮಿ ಕಾರ್ನೆಲ್. ದೂರಪ್ರಯಾಣದ ಹಾಯಿಗಾರರಿಗೆಲ್ಲ ಪರಿಚಿತ ಹೆಸರು, ಅಟ್ಲಾಂಟಿಕ್ ದಾಟುವ ಎಆರ್‌ಸಿ ರ‍್ಯಾಲಿ ಶುರುಮಾಡಿದವರು. ಮೆಗೆಲನ್ ಮತ್ತು ಎಲ್ಕಾನೊ ಕೈಗೊಂಡ ಮೊದಲ ಭೂಪ್ರದಕ್ಷಿಣೆಗೆ 500 ವರ್ಷವಾದ ನೆನಪಿಗೆ ಅದೇ ದಾರಿಯಲ್ಲಿ ಒಂದು ಹನಿ ಡೀಸೆಲ್ ಸುಡದೆ ಹೋಗುತ್ತೇನೆ ಎಂದು ಅವರು ಹೊರಟರು. ಅವೆಂಚುರಾ ಝೀರೋ ಎಂಬ ಹೊಸ ಔಟ್ರೆಮೆರ್ ಕಂಪನಿಯ ಕ್ಯಾಟಮರಾನ್ (ಜೋಡಿ ಒಡಲಿನ ಹಾಯಿದೋಣಿ), ಫಿನ್ಲೆಂಡಿನ ಓಶನ್‌ವೋಲ್ಟ್ ಕಂಪನಿಯ ಮೋಟರ್, ಸೋಲಾರ್, ರೀಜನರೇಶನ್, ಏನೂ ಕಮ್ಮಿ ಇರಲಿಲ್ಲ. 2020ರ ಕೊನೆಯಲ್ಲಿ ಸೆವಿಲ್‌ನಿಂದ ಹೊರಟ ದೋಣಿ ಕೆನರಿ ದ್ವೀಪದ ಟೆನೆರೀಫ್‌ವರೆಗೆ ಹೋಗಿ ಅಲ್ಲಿಗೇ ಯಾತ್ರೆ ಕೈಬಿಟ್ಟಿತು. ಕೋವಿಡ್ ಒಂದು ಕಾರಣ. ಖರ್ಚಾಗುತ್ತಿದ್ದ ಕರೆಂಟಿಗೆ ಸಾಟಿಯಾಗುವಷ್ಟು ಉತ್ಪಾದನೆ ಆಗದೇ ಇದ್ದದ್ದು ಇನ್ನೊಂದು. ಆ ಮನುಷ್ಯನ ಅನುಭವಕ್ಕೇ ಹೀಗಾದರೆ, ಬ್ರೋಷರಿನಲ್ಲಿರುವ ರೀಜನರೇಶನ್ ಅಂಕಿಯನ್ನು ಅರ್ಧ ಮಾಡಿಯೇ ಓದುವುದು ಲೇಸು ಅಂತ ನನಗನ್ನಿಸುತ್ತದೆ.

ಹಾಗಂತ ಸಾಗರ ದಾಟುವುದು ಅಸಾಧ್ಯವೇನಲ್ಲ. ಉಮಾ ಎಂಬ ಪಿಯರ್ಸನ್ 36 ದೋಣಿಯ ಯುವ ದಂಪತಿ ಕೆಟ್ಟ ಡೀಸೆಲ್ ಕಿತ್ತುಹಾಕಿ, ಕರೆಂಟ್ ಮೋಟರಿನಲ್ಲೇ ಅಟ್ಲಾಂಟಿಕ್ ದಾಟಿ, ಆರ್ಕ್ಟಿಕ್‌ನ ಸ್ವಾಲ್ಬಾರ್ಡ್‌ವರೆಗೂ ಹೋಗಿಬಂದರು. ಗಾಳಿ ಇಲ್ಲದಾಗ ಗಾಳಿ ಬರುವವರೆಗೆ ಕಾಯುವ ಜಾಯಮಾನ ಅವರದು. ಸೋಮವಾರ ಬೆಳಿಗ್ಗೆ ಆಫೀಸಿಗೆ ಹಾಜರಾಗಬೇಕಾದವರಿಗೆ ಆ ಅನುಕೂಲ ಇಲ್ಲ.

ಎದುರು ನೀರು, ಎದುರು ಗಾಳಿ

ಇಲ್ಲಿಯವರೆಗಿನ ಲೆಕ್ಕವೆಲ್ಲ ಶಾಂತ ನೀರಿನದು. ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆಯ ಕೆಳಗೆ ಇಳಿತದ ಹೊತ್ತಿನಲ್ಲಿ ನೀರು 4-5 ನಾಟ್ ವೇಗದಲ್ಲಿ ಸಮುದ್ರದ ಕಡೆ ಹರಿಯುತ್ತದೆ. ನಾಲ್ಕು ನಾಟ್‌ನ ಉಳಿತಾಯದ ಓಟದಲ್ಲಿ ಆಗ ಒಳಗೆ ಬರಲು ಹೊರಟರೆ ದೋಣಿ ನಿಂತಲ್ಲೇ ನಿಂತಿರುತ್ತದೆ, ಬ್ಯಾಟರಿ ಇಳಿಯುತ್ತಿರುತ್ತದೆ. ಬೇಸಿಗೆಯ ಮಧ್ಯಾಹ್ನ ಅಲ್ಲಿ ಬೀಸುವ 20-25 ನಾಟ್ ಗಾಳಿ ಎದುರಾದರೆ ಮಾಸ್ಟು, ಹಗ್ಗ, ಒಡಲು ಎಲ್ಲ ಸೇರಿ ಅಡ್ಡ ನಿಲ್ಲುತ್ತವೆ. ಎರಡು-ಮೂರು ನಾಟ್ ಸಾಗಲೂ ಹಲವು ಕಿಲೋವ್ಯಾಟ್ ಬೇಕು. ಹಾಗಾಗಿ ಕರೆಂಟ್ ದೋಣಿಯವರು ಭರತ-ಇಳಿತದ ಪಟ್ಟಿ ನೋಡದೆ ಹಗ್ಗ ಬಿಚ್ಚುವುದಿಲ್ಲ. ನೀರು ಒಳಗೆ ಹರಿಯುವ ಹೊತ್ತಿಗೆ ಬಂದರೆ ಅದೇ ನಾಲ್ಕು ನಾಟ್ ಎಂಟಾಗುತ್ತದೆ. ಮೋಟರಿನ ಗಾತ್ರ ಆರಿಸುವಾಗಲೂ ಮಾಮೂಲಿ ಓಟಕ್ಕೆ ನಾಲ್ಕು ಕಿಲೋವ್ಯಾಟ್ ಸಾಕಾದರೂ ಹತ್ತರದ್ದು ಕೂರಿಸುವುದು ಇಂಥ ಹತ್ತು ನಿಮಿಷಗಳಿಗಾಗಿ. ಕೆಲವರು ಎರಡು ಕಿಲೋವ್ಯಾಟ್ ಹತ್ತಿರದ ಸಣ್ಣ ಪೆಟ್ರೋಲ್ ಜನರೇಟರ್ ಇಟ್ಟುಕೊಳ್ಳುತ್ತಾರೆ. ಅದೊಂದರಿಂದಲೇ ಮೂರೂವರೆ ನಾಟ್ ಸಾಗಬಹುದು. ಅದನ್ನು ಕ್ಯಾಬಿನ್ ಒಳಗೆ ಓಡಿಸಬಾರದು, ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ.

ಈ ಲೆಕ್ಕ ಎಲ್ಲಿ ಹೊಂದುತ್ತದೆ ಎನ್ನುವುದಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ. ಕೇರಳದ ವೈಕಂ ಮತ್ತು ತವಣಕಡವು ನಡುವೆ 2017ರಿಂದ ಆದಿತ್ಯ ಎಂಬ ಸೋಲಾರ್ ಫೆರ್ರಿ ಓಡುತ್ತಿದೆ. ಹಾಯಿ ಇಲ್ಲ, 75 ಜನ ಹಿಡಿಸುವ ದೋಣಿ, ಸುಮಾರು 50 ಯೂನಿಟ್ ಬ್ಯಾಟರಿ. ದಾರಿ ಮೂರು ಕಿ.ಮೀ. ಒಳಗೇ, ವೇಗ ಕಡಿಮೆ, ರಾತ್ರಿ ಕಟ್ಟಿಹಾಕುವ ಜಾಗದಲ್ಲಿ ಪ್ಲಗ್ ಇದೆ. ಇನ್ನೇನು ಬೇಕು? ಅದೇ ಮಲ್ಪೆಯಿಂದ ವಾರಗಟ್ಟಲೆ ಆಳಸಮುದ್ರಕ್ಕೆ ಹೋಗಿ ಹಗಲೂ ರಾತ್ರಿ ಬಲೆ ಎಳೆಯುವ ಟ್ರಾಲರ್‌ಗೆ ಇವತ್ತಿನ ಬ್ಯಾಟರಿ ತೋರಿಸಿದರೆ ನಕ್ಕುಬಿಡುತ್ತಾರೆ, ನಗುವುದು ನ್ಯಾಯವೇ. ಹಾಯಿದೋಣಿ ಇವೆರಡರ ನಡುವೆ ನಿಂತಿದೆ. ಅದಕ್ಕೆ ಮುಖ್ಯ ಎಂಜಿನ್ ಹಾಯಿ ಎನ್ನುವುದೇ ಅದರ ಪುಣ್ಯ.

ನಿಮ್ಮದೇ ದೋಣಿ ಇದ್ದು ಇದನ್ನು ಯೋಚಿಸುತ್ತಿದ್ದರೆ, ಕೀಳುವ ಮೊದಲು ಹಳೇ ಡೀಸೆಲ್ ಇನ್ನೂ ಓಡುತ್ತಿರುವಾಗಲೇ ಒಂದು ಸೀಸನ್ ಲಾಗ್‌ಬುಕ್ ಬರೆಯಿರಿ. ಪ್ರತಿ ಸಲ ಎಂಜಿನ್ ಎಷ್ಟು ನಿಮಿಷ ಓಡಿತು, ಎಷ್ಟು ವೇಗದಲ್ಲಿ, ಯಾಕೆ. ನಡುನಡುವೆ ಬೇಕೆಂದೇ ನಾಲ್ಕು ನಾಟ್‌ಗೆ ಇಳಿಸಿ ಮನೆಗೆ ಬನ್ನಿ. ಬೇಸರವಾಯಿತಾ ನೋಡಿಕೊಳ್ಳಿ. ಅತಿ ಉದ್ದದ ಓಟ ಎರಡು ಗಂಟೆಯೊಳಗೆ ಇದ್ದರೆ ಹತ್ತು ಯೂನಿಟ್ ಬ್ಯಾಟರಿ ಸಾಕು. ಐದಾರು ಗಂಟೆಯ ಓಟಗಳು ಪದೇಪದೇ ಇದ್ದರೆ ಹೊಸ ಡೀಸೆಲ್ ಹಾಕಿಸುವುದೇ ಜಾಣತನ. ಕಿತ್ತ ಎಂಜಿನನ್ನು ಮಾತ್ರ ಗುಜರಿಗೆ ತೂಕಕ್ಕೆ ಹಾಕಬೇಡಿ. ಅದೇ ಮಾಡೆಲ್ ಇಟ್ಟುಕೊಂಡು ಒದ್ದಾಡುತ್ತಿರುವವರು ಸ್ಟಾರ್ಟರ್, ಆಲ್ಟರ್ನೇಟರ್, ಹೀಟ್ ಎಕ್ಸ್‌ಚೇಂಜರ್‌ಗೆ ಒಳ್ಳೆ ಬೆಲೆ ಕೊಡುತ್ತಾರೆ. ದಪ್ಪ ತಾಮ್ರದ ಕೇಬಲ್ಲಿಗೂ ಕ್ಲಾಸ್-ಟಿ ಫ್ಯೂಸಿಗೂ ಆ ದುಡ್ಡು ಆಗುತ್ತದೆ.